ಹೊರುವವಳ ಲೆಕ್ಕ

ಮಿನ್ನೆಸೋಟದ ಉತ್ತರ ತುದಿಯಲ್ಲಿ ದಾರಿ ಮುಗಿದು ನೀರು ಶುರು.
ಕೆರೆ, ಆಮೇಲೆ ಕಲ್ಲು, ಆಮೇಲೆ ಇನ್ನೊಂದು ಕೆರೆ.
ನೀರಿರುವಲ್ಲಿ ದೋಣಿ ನಮ್ಮನ್ನು ಹೊರುತ್ತದೆ,
ನೀರಿಲ್ಲದಲ್ಲಿ ನಾವು ದೋಣಿಯನ್ನು.
ನಡುವಿನ ನೆಲವನ್ನು ಇಲ್ಲಿ ರಾಡಿನಲ್ಲಿ ಅಳೆಯುತ್ತೇವೆ:
ಒಂದು ರಾಡೆಂದರೆ ಹೆಚ್ಚುಕಡಿಮೆ ಒಂದು ದೋಣಿಯುದ್ದ.
ನೂರೆಂಬತ್ತು ರಾಡೆಂದರೆ
ನೂರೆಂಬತ್ತು ದೋಣಿ ಬಾಲಕ್ಕೆ ಮೂಗು ತಾಗಿಸಿ ಮಲಗಿವೆ,
ಅವುಗಳ ಗುಂಟ ನಿಮ್ಮದನ್ನು ತಲೆಗೇರಿಸಿ ನಡೆಯಬೇಕು.

ಇಪ್ಪತ್ತಾರು ಬೇಸಿಗೆ ನಾನು ಮುಂದೆ, ವರ್ನಾ ಹಿಂದೆ,
ಜಗಳವಾಡಿದ ದಿನ ಅವಳು ಮುಂದೆ.
ಅಲ್ಯೂಮಿನಿಯಂ ದೋಣಿ, ಎಪ್ಪತ್ತೈದು ಪೌಂಡು, ಹೆಸರು ಡಬ್ಬಿ.
ಬಂಡೆಗೆ ತಾಗಿದರೆ ಮೂರು ಕೆರೆಯಾಚೆ ಕೇಳುತ್ತಿತ್ತು,
ಶಾಲೆಯ ಅಡುಗೆಮನೆಯಲ್ಲಿ ನಾನು ಬೀಳಿಸಿದ ಹಂಡೆಯ ಹಾಗೆ.
ಮೂಸ್ ತಲೆಯೆತ್ತಿ ನೋಡಿ, ಓ ಇವರಾ ಎಂದು
ಮತ್ತೆ ಮೇಯುತ್ತಿತ್ತು.

ಮಾರ್ಚಿನಲ್ಲಿ ವರ್ನಾಳ ಸೊಂಟಕ್ಕೆ ಟೈಟಾನಿಯಂ ಕೂರಿಸಿದರು.
"ನನ್ನ ಪಾಲಿನ ಲೋಹ ನಾನು ಒಳಗೇ ಹೊರುತ್ತೇನೆ,
ಹೊರಗಿನದು ಇನ್ನು ನಿನ್ನದು" ಎಂದಳು.

ಹಾಗಾಗಿ ಅರ್ವಿಡ್‌ನ ಅಂಗಡಿ ಮುಂದೆ, ಮೇ ತಿಂಗಳ ಕೆಸರಲ್ಲಿ,
ಟ್ರಕ್ಕಿನ ಹಿಂಬದಿಯಲ್ಲಿ ಕೂತು ಸೂರ್ಯಕಾಂತಿ ಸಿಪ್ಪೆ ಉಗುಳುತ್ತ
ಅವಳು ನ್ಯಾಯಾಧೀಶೆ;
ಒಂದೊಂದೇ ದೋಣಿ ಹೊತ್ತು
ದೀಪದ ಕಂಬದವರೆಗೆ ಹೋಗಿ ಬರುವ ಎತ್ತು ನಾನು.

ಮೊದಲು ಪ್ಲಾಸ್ಟಿಕ್ಕು. ಬಂಡೆಯಿಂದ ಉರುಳಿಸಿದರೂ
ನೆಗ್ಗು ತಾನೇ ಉಬ್ಬುತ್ತದೆ, ಅಂದ ಅರ್ವಿಡ್.
ಉರುಳಿಸಲು ಬಂಡೆಯವರೆಗೆ ಒಯ್ಯಬೇಕಲ್ಲ, ಅಂದಳು ವರ್ನಾ.
ಎಂಬತ್ತು ಪೌಂಡು. ಕಂಬ ಮುಟ್ಟಲಿಲ್ಲ.

ಫೈಬರ್‌ಗ್ಲಾಸು ಅಗ್ಗ, ಬಣ್ಣ ಚೆಂದ,
ಮುಳ್ಳು ಅರವತ್ತಕ್ಕೆ ನಿಂತಿತು.
ನನ್ನ ವಯಸ್ಸೂ ಅಷ್ಟೇ;
ಒಂದರ ಮೇಲೊಂದು ಯಾಕೆ.

ಸೀಡರ್ ಪಟ್ಟಿಯದರ ಕೆಳಗೆ ನಿಂತಾಗ
ಅಪ್ಪನ ಸೌನಾದ ವಾಸನೆ. ಕಣ್ಣು ಮುಚ್ಚಿದೆ.
ಅರ್ವಿಡ್ ಜಾಣ, ಆ ಹೊತ್ತು ಬೆಲೆ ಹೇಳಲಿಲ್ಲ.
ವರ್ನಾ ಹೇಳಿದಳು: ವರ್ಷವರ್ಷ ವಾರ್ನಿಷು ಬೇಡುವ ದೋಣಿ,
ನೀನು ಕೂರುವುದಕ್ಕಿಂತ ಉಜ್ಜುವುದೇ ಹೆಚ್ಚು.

ಕಾರ್ಬನ್ನು ಕಪ್ಪು, ಗರಿ;
ತಟ್ಟಿದರೆ ಒಣ ಸೋರೆಬುರುಡೆಯ ಸದ್ದು.
ಬೆಲೆ ಕೇಳಿ ಕೆಳಗಿಟ್ಟೆ, ಎತ್ತಿದ್ದಕ್ಕಿಂತ ಮೆಲ್ಲಗೆ.

ಕಡೆಗೆ ಕೆವ್ಲಾರ್. ನಲವತ್ತೆರಡು.
ಗುಂಡು ತಡೆವ ಅಂಗಿಯ ನೂಲು, ಜೇನಿನ ಬಣ್ಣ,
ಮೇಲೆ ಬಳಿಯುವ ಬಣ್ಣವನ್ನೂ ಬಿಟ್ಟು ಹಗುರ ಮಾಡಿದ್ದಾರೆ.
ತೊಡೆಯಿಂದ ಒಂದು ತಳ್ಳು, ಹೆಗಲಿಗೆ ಒಂದು ಉರುಳು,
ಬಂದೇಬಿಟ್ಟಿತು.
ಅದರ ಕೆಳಗೆ, ಬೆಳಗಿನ ಜಾವ ಡೇರೆಯೊಳಗಿನ ಬೆಳಕು.
ಕಂಬ ದಾಟಿದೆ. ಚರ್ಚು ದಾಟಿದೆ.
ಹಿಂದಿನಿಂದ ವರ್ನಾ: "ದುಡ್ಡು ಕೊಟ್ಟು ಹೋಗೇ, ಹಿಲ್ಯಾ!"

ಅಮ್ಮ ಹೇಳುತ್ತಿದ್ದಳು, ತೂಕವಿಲ್ಲದ ಮಾತು ನಿಲ್ಲುವುದಿಲ್ಲ ಅಂತ.
ದೋಣಿಯ ಬಗ್ಗೆ ಏನೂ ಹೇಳಿರಲಿಲ್ಲ.

ಜೂನ್. ಮೊದಲ ಕೆರೆ.
ಬಿಸಿಲು ಬಿದ್ದಾಗ ದೋಣಿಯ ಮೈಯೊಳಗಿಂದ
ನೀರಿನ ಗೆರೆ ಕಂಡಿತು,
ಹೊರಗಿನ ಕೆರೆ ನನ್ನ ಮೊಣಕಾಲ ಪಕ್ಕದಲ್ಲೇ ಏರಿಳಿಯುತ್ತ.
ನಾವೆಷ್ಟು ಮುಳುಗಿದ್ದೇವೆಂದು
ಡಬ್ಬಿ ಒಮ್ಮೆಯೂ ತೋರಿಸಿರಲಿಲ್ಲ.

ಡಬ್ಬಿಯಾಗಿದ್ದರೆ ದಡಕ್ಕೆ ನುಗ್ಗಿಸಿ ಒಣಗಾಲಲ್ಲಿ ಇಳಿಯುತ್ತಿದ್ದೆವು.
ಇದಕ್ಕೆ ಒಂದು ಹರಳೂ ಆಗದು.
ಎರಡು ಮಾರು ದೂರದಲ್ಲೇ ನಿಲ್ಲಿಸಿ
ಹಿಮಗಡ್ಡೆ ಕರಗಿ ತಿಂಗಳೂ ಆಗದ ನೀರಿಗೆ ಇಳಿದೆ, ತೊಡೆಯವರೆಗೆ.
ವರ್ನಾಳನ್ನು ಇಳಿಸಿದೆ. ಆಮೇಲೆ ದೋಣಿಯನ್ನು ಎತ್ತಿ ತಂದೆ,
ಬೇರೆಯವರ ಮಗುವನ್ನು ತರುವ ಹಾಗೆ.
"ಮೂವತ್ತಮೂರು ಪೌಂಡು ಉಳಿಸಿದೆ," ಅಂದಳು ಕೋಲು ಊರುತ್ತ,
"ಒದ್ದೆ ಪ್ಯಾಂಟು ಎಷ್ಟು ತೂಗುತ್ತದೋ?"

ರಾತ್ರಿ ಊಟಕ್ಕೆ ಕೂತಾಗ ಗಾಳಿ ಎದ್ದಿತು.
ದೋಣಿ ಮಗ್ಗುಲು ಬದಲಿಸಿತು, ಒಂದು ಹೆಜ್ಜೆ ಇಟ್ಟಿತು,
ಇನ್ನೊಂದು ಇಡುವ ಮೊದಲು ಓಡಿ ಹಿಡಿದೆ.
ಹಗ್ಗ ಮರದವರೆಗೆ ಸಾಲಲಿಲ್ಲ.
ಟಾರ್ಚು ಕಚ್ಚಿಕೊಂಡು ದಡದಲ್ಲಿ ಕಲ್ಲು ಆರಿಸಿದೆ,
ದುಂಡಗಿನವು, ಚೂಪಿಲ್ಲದವು,
ಜಾಕೆಟ್ಟಿನಲ್ಲಿ ಸುತ್ತಿ ಒಳಗಿಟ್ಟೆ.

"ಎಷ್ಟಾಯಿತು?" ಬೆಂಕಿಯ ಆಚೆಯಿಂದ ವರ್ನಾ.
ಅಂದಾಜು ಮಾಡಿ ಹೇಳಿದೆ, ಮೂವತ್ತು.
"ಇನ್ನೂ ಮೂರು ಬಾಕಿ."