ಯಾವ ತುದಿ

ಅಂತರಸನಹಳ್ಳಿ ಶೆಡ್ಡಿನಲ್ಲಿ ನಲವತ್ತು ಸಾವಿರ ಚೀಲ.
ಒಂದಕ್ಕೆ ಎಂಬತ್ತು ಪೈಸೆ, ಶಾಯಿ ನನ್ನದೇ.
ನೀಲಿ ಒಣಗುವ ಮೊದಲು ಮಡಚಬಾರದು,
ಮಡಚಿದರೆ ಅಕ್ಷರದ ಎದೆಗೆ ಅಕ್ಷರ ಅಂಟಿ
ಎರಡೂ ಹಾಳು.

ಬೇಳೆ ಹೋಗುವುದು ಯಾವುದೋ ದೇಶಕ್ಕೆ.
ಯುದ್ಧ ನಿಂತು ಎರಡು ವರ್ಷವಂತೆ.
ನಿಂತದ್ದು ಗುಂಡು ಮಾತ್ರ, ಹೊಲದಲ್ಲಿ ಹೂತಿಟ್ಟದ್ದು
ಇನ್ನೂ ಯಾರದೋ ಕಾಲಿಗಾಗಿ ಕಾಯುತ್ತಿದೆಯಂತೆ,
ಅದಕ್ಕೇ ಬಿತ್ತುವವರಿಲ್ಲ.
ಚೆನ್ನೈ ಬಂದರಿನ ಏಜೆಂಟ್ ಫೋನಿನಲ್ಲಿ ಇಷ್ಟು ಹೇಳಿ
ಶುಕ್ರವಾರದೊಳಗೆ ಲೋಡ್ ಆಗಬೇಕು ಅಂದ.

ಪರದೆಗೆ ಬಂದ ಲಿಪಿ ಬಲದಿಂದ ಎಡಕ್ಕೆ.
ನೆಟ್ಟಗಿದೆಯೋ ತಲೆಕೆಳಗೋ
ಮದುವೆ ಕಾಗದ, ಚುನಾವಣೆ ಬಾವುಟ, ಹಿಂಡಿ ಮೂಟೆ
ಎಲ್ಲಕ್ಕೂ ಅಚ್ಚು ಹಾಕಿದ ಈ ಕೈಗೆ ತಿಳಿಯಲಿಲ್ಲ.
ಹುಣಸೆ ಮಂಡಿಯ ಖಲಂದರ್ ಸಾಬರನ್ನು ಕರೆಸಿದೆ.
ಕನ್ನಡಕ ಏರಿಸಿ, ಬೆರಳಿಟ್ಟು
ಪೂರಾ ಓದಿದರು, ಜೋರಾಗಿ, ಶೆಡ್ಡೆಲ್ಲ ತಿರುಗಿ ನೋಡುವ ಹಾಗೆ.
ಆಮೇಲೆ ಅಂದರು,
"ಅಕ್ಷರ ನಮ್ಮವೇ ಸ್ವಾಮಿ, ಮಾತು ನಮ್ಮದಲ್ಲ.
ನೆಟ್ಟಗಿದೆ, ಹೊಡೀರಿ."

ಕೆಳಗೆ ಇಂಗ್ಲಿಷಿನಲ್ಲೂ ಇತ್ತು, ಮಾರಾಟಕ್ಕಲ್ಲ ಅಂತ.
ಅದನ್ನು ಓದಲು ಕಲಿಯುವ ಮೊದಲೇ
ನಾನು ತೊಟ್ಟಿದ್ದೆ.

ತೋವಿನಕೆರೆ ಸ್ಕೂಲು. ನಮ್ಮ ಯುದ್ಧ ಮುಗಿದ ಮರುವರ್ಷ.
ಸೋಮವಾರ ದೇಶಕ್ಕೋಸ್ಕರ ಎಲ್ಲರೂ ಒಪ್ಪೊತ್ತು,
ನಮ್ಮ ಮನೆಯಲ್ಲಿ ಮಂಗಳವಾರ ಬುಧವಾರವೂ ಸೋಮವಾರವೇ.
ಹಡಗಿನಲ್ಲಿ ಬಂದ ಹಳದಿ ರವೆ, ಡಬ್ಬದ ಎಣ್ಣೆ;
ಮುದ್ದರಂಗಪ್ಪ ಮೇಷ್ಟ್ರು ಗಂಟೆ ಹೊಡೆಯುವ ಮೊದಲೇ
ಮೂಗು ಹೊಡೆದುಬಿಡುತ್ತಿತ್ತು.
ಉಪ್ಪಿಟ್ಟಿನಲ್ಲಿ ಹುಳು ಇತ್ತು. ಇಲ್ಲ ಅನ್ನುವವರು ಸುಳ್ಳಾಡುತ್ತಾರೆ.
ಆಯ್ದು ಪಕ್ಕಕ್ಕಿಟ್ಟು ತಿಂದೆವು,
ಮುತ್ತುಗದೆಲೆಯ ನರ ಎದ್ದು ಕಾಣುವ ತನಕ ನೆಕ್ಕಿದೆವು.
ಕೊಟ್ಟವರ ಮೇಲೆ ಸಿಟ್ಟಿರಲಿಲ್ಲ, ಭಕ್ತಿಯೂ ಇರಲಿಲ್ಲ.
ಹಸಿವಿಗೆ ಮುಖ ನೋಡುವ ಪುರುಸೊತ್ತೆಲ್ಲಿ?

ಮಾರಾಟಕ್ಕಲ್ಲದ ಆ ಚೀಲವನ್ನು ಮೇಷ್ಟ್ರು
ನಾಕಾಣೆಗೆ ಅವ್ವನಿಗೆ ಮಾರಿದರು.
ಅವ್ವ ಚಡ್ಡಿ ಹೊಲಿದಳು. ಕುಲುಕುವ ಎರಡು ಕೈ
ಸರಿಯಾಗಿ ನನ್ನ ಹಿಂಭಾಗಕ್ಕೆ ಬಂದವು.
ಕೂತಾಗಲೆಲ್ಲ ಎರಡು ದೇಶದ ಸ್ನೇಹದ ಮೇಲೆ ಕೂತೆ.
ಬೆಂಚಿಲ್ಲದ ಸ್ಕೂಲು; ಸ್ನೇಹ ಬೇಗ ಸವೆಯಿತು.

ನಿನ್ನೆ ಪರದೆ ಜಾರಿ ಇನ್ನೂರು ಚೀಲ ಕೆಟ್ಟವು.
ಗೋಧಿ ತೆನೆಯ ಚಿತ್ರ ಹೋಗಿ ತೂಕದ ಮೇಲೆ ಕೂತಿತ್ತು.
ಏಜೆಂಟ್ ಒಲ್ಲೆ ಅಂದ, ಸಾಬರು ಒಯ್ದರು.
ಈಗ ಮಂಡಿಪೇಟೆಯಲ್ಲಿ ಯಾರದೋ ಹಸಿವಿನ ಹೆಸರಿನೊಳಗೆ
ನಮ್ಮ ಹುಣಸೆಹಣ್ಣು ತುಂಬಿ ಕೂತಿದೆ.

ಉಳಿದದ್ದಕ್ಕೆ ಬೇಳೆ ಬಿತ್ತು. ಕರಿಯಮ್ಮನ ಮೆಷಿನ್ನು
ಕರ್ರ್ ಅಂತ ಬಾಯಿ ಹೊಲಿಯುತ್ತಿದೆ, ಸರಪಳಿ ಹೊಲಿಗೆ.
ಈ ಹೊಲಿಗೆಗೆ ಒಂದು ಗುಟ್ಟಿದೆ.
ಒಂದು ತುದಿ ಎಳೆದರೆ ಗಂಟು ಬಿಗಿಯುತ್ತದೆ,
ಇನ್ನೊಂದು ತುದಿ ಎಳೆದರೆ ಸರ್ರಂತ
ಇಡೀ ಚೀಲ ಬಾಯಿ ಬಿಡುತ್ತದೆ.
ಅವ್ವ ಕತ್ತಲಲ್ಲೂ ಸರಿ ತುದಿ ಹಿಡಿಯುತ್ತಿದ್ದಳು.
ದಾರ ತುಂಡಾಗದಂತೆ ಎಳೆದು ಬೆಂಡಿಗೆ ಸುತ್ತಿ
ಕನಕಾಂಬರ ಕಟ್ಟುತ್ತಿದ್ದಳು, ಹರಿದ ಚಾಪೆ ಹೊಲಿಯುತ್ತಿದ್ದಳು,
ಒಮ್ಮೆ ನನ್ನ ಅಲುಗಾಡುವ ಹಲ್ಲಿಗೂ ಕಟ್ಟಿದ್ದಳು.

ತೂಕ ಹಾಕಿದ್ದೇನೆ, ತಾರೀಖು ಹಾಕಿದ್ದೇನೆ,
ಕೊಟ್ಟವರ ಹೆಸರು ದಪ್ಪಕ್ಷರದಲ್ಲಿ,
ಮಾರಬೇಡಿ ಅಂತ ಎರಡು ಭಾಷೆಯಲ್ಲಿ.
ಯಾವ ತುದಿ ಎಳೆಯಬೇಕೆಂದು ಎಲ್ಲೂ ಇಲ್ಲ.
ಅದಕ್ಕೆ ಜಾಗ ಕೊಟ್ಟಿಲ್ಲ.

ಅಲ್ಲಿ ಯಾವಳಿಗಾದರೂ ಗೊತ್ತಿದ್ದೀತು.
ಇಲ್ಲದಿದ್ದರೆ ಕುಡುಗೋಲು ಹಾಕುತ್ತಾರೆ, ಹಾಕಲಿ,
ಬೇಳೆ ಬೇಯಲಿ ಮೊದಲು.
ಆದರೂ ಆ ದಾರ,
ಒಳ್ಳೆಯ ದಾರ ಅದು.