ಎರಡು ಹೊಲಿಗೆ

ನನ್ನ ಹೊಟ್ಟೆಯ ಬಲಮಗ್ಗುಲಲ್ಲೊಂದು ಗೀಟಿದೆ,
ಯುದ್ಧಕ್ಕೆ ಮುಂಚಿನದು, ಇರುವೆ ಸಾಲಿನಷ್ಟು ನೆಟ್ಟಗೆ.
ಡಾಕ್ಟರ್ ಇರಜ್ ಹಾಕಿದ್ದು, ಮೂವತ್ತರ ಹುಮ್ಮಸ್ಸಿನಲ್ಲಿ.
ಸೀಟಿ ಹೊಡೆಯುತ್ತ ಹೊಲಿದರಂತೆ; ನರ್ಸಮ್ಮ ಹೇಳಿದ್ದು.

ಆಮೇಲೆ ದೆಜ್‌ಫೂಲಿನ ಮೇಲೆ ಕ್ಷಿಪಣಿ ಬಿದ್ದವು,
ನಾವು ನೆಲಮಾಳಿಗೆಗಳಲ್ಲಿ ಹಲ್ಲಿಗಳಂತೆ ಬದುಕಿದೆವು.
ಗಡಿಯ ಗುಡಾರದಾಸ್ಪತ್ರೆಗೆ ಹೋದ ಅವರು
ಗಾಯಾಳುಗಳನ್ನು ಬಿಟ್ಟು ಓಡಲಿಲ್ಲ, ಸೆರೆಸಿಕ್ಕರು.
ಎಂಟು ವರ್ಷ.
ಮಹ್ಲಖಾ ಖಾನುಮ್‌ಗೆ ಯಾವಾಗಲೋ ಒಂದು ಕಾಗದ,
ಆರೇ ಸಾಲು, ಅದರಲ್ಲೂ ಎರಡನ್ನು
ಯಾರೋ ಮಸಿಯಲ್ಲಿ ಹೂತಿರುತ್ತಿದ್ದರು.

ಬಿಡುಗಡೆಯ ಬಸ್ಸು ಶಹರಿವರ್ ತಿಂಗಳ ಬಿಸಿಲಲ್ಲಿ ಬಂತು.
ಕುರಿ ಕಡಿದೆವು, ಎಸ್ಫಂದಿನ ಹೊಗೆ ಹಾಕಿದೆವು,
ಹಾರಗಳ ಕೆಳಗೆ ಕುತ್ತಿಗೆ ಹುಡುಕಬೇಕಾಯಿತು.
ಹತ್ತು ವರ್ಷದ ಗುಲ್ನೂಷ್ ಅಪ್ಪನನ್ನು ‘ನೀವು’ ಎಂದಳು.
ಚಳಿಗಾಲ ಬಂದರೂ ‘ನೀವು’ ಎಂದೇ ಅನ್ನುತ್ತಿದ್ದಳು.

ಬಲಗೈಯ ಎರಡು ಬೆರಳು ಮಡಚುವುದಿಲ್ಲ.
ಬೂಟು, ಎಂದರು. ಅಷ್ಟೇ ಹೇಳಿದ್ದು.
ಆಸ್ಪತ್ರೆ ಒಂದು ಮೇಜು ಕೊಟ್ಟಿತು, ರುಜು ಹಾಕಲು.
ಆಪರೇಷನ್ ಕೋಣೆಯ ಬಾಗಿಲ ತನಕ ಹೋಗಿ
ಸ್ಪಿರಿಟ್ಟಿನ ವಾಸನೆಗೆ ಹಿಂದಿರುಗುತ್ತಿದ್ದರು
ಏನೋ ಮರೆತು ಬಂದವರ ಹಾಗೆ ಜೇಬು ತಡವುತ್ತ.

ಹೀಗೆ ನನ್ನ ಅಂಗಡಿಗೆ ಬಂದು ಕೂರತೊಡಗಿದ್ದು.
ನಾನು ಲಾಳದ ಕಡ್ಡಿಯ ಲೇಖನಿ ಮಾಡುವವನು, ಅಪ್ಪನೂ ಅದೇ.
ಹಸಿ ಕಡ್ಡಿಯನ್ನು ಗೊಬ್ಬರದ ಗುಂಡಿಯಲ್ಲಿ ಹೂಳುತ್ತೇವೆ, ಮೂರು ತಿಂಗಳು;
ಬಣ್ಣ ಅಲ್ಲಿ ಬರುತ್ತದೆ, ಗಟ್ಟಿತನವೂ.
ಇದನ್ನವರಿಗೆ ವಿವರಿಸಹೊರಟವನು ನಡುವೆ ನಾಲಗೆ ಕಚ್ಚಿಕೊಂಡೆ.
ಅವರು ನಕ್ಕರು. ‘ಕೊಳೆತವೂ ಇರುತ್ತವಲ್ಲ, ಯದುಲ್ಲಾ?’
ಇರುತ್ತವೆ, ಎಂದೆ. ನೂರಕ್ಕೆ ಮೂವತ್ತು.

ತಗಡಿನ ಮುಚ್ಚಳ ಮಸೆದು ಕೀವು ಬಿಡಿಸಿದ್ದು,
ಕಂಬಳಿಯ ಎಳೆ ಕುದಿಸಿ ಹೊಲಿದದ್ದು,
ಹೊಲಿದರೂ ಉಳಿಯದ ಹದಿನೇಳರ ಹುಡುಗ, ಅಬಾದಾನಿನವನು,
ಸಾಯುವಾಗ ಕಲ್ಲಂಗಡಿ ಕೇಳಿದ್ದು —
ಇದೆಲ್ಲ ನನಗೆ ಹೇಳಿದ್ದಲ್ಲ. ನನ್ನ ಚಾಕುವಿಗೆ,
ಎಡಗೈಯಲ್ಲಿ ಅದನ್ನು ತಿರುತಿರುಗಿಸಿ ನೋಡುತ್ತ.

ಬಹಮನ್ ತಿಂಗಳ ಒಂದು ಮಧ್ಯಾಹ್ನ ಅದೇ ಚಾಕು ಜಾರಿ
ನನ್ನ ಹೆಬ್ಬೆರಳು ಮೂಳೆ ಕಾಣುವಷ್ಟು ತೆರೆದುಕೊಂಡಿತು.
ಆಸ್ಪತ್ರೆ ಸೇತುವೆಯಾಚೆ, ರಕ್ತ ಈಚೆ.
ಸೂಜಿ ಸುಟ್ಟರು, ಎಡಗೈಯಲ್ಲಿ ಹಿಡಿದರು,
ಬಗ್ಗದ ಆ ಎರಡು ಬೆರಳುಗಳ ನಡುವೆ ನನ್ನ ಬೆರಳಿಟ್ಟು ಅದುಮಿದರು.
ಇಕ್ಕಳಕ್ಕಿಂತ ಚೆನ್ನಾಗಿ ಕೂತವು.
ಏಳು ಹೊಲಿಗೆ. ನನಗಿಂತ ಅವರೇ ಹೆಚ್ಚು ಬೆವತರು.
ನಾನು ನಮ್ಮೂರಿನ ಬೈಗುಳವನ್ನೆಲ್ಲ ಖಾಲಿ ಮಾಡಿದೆ.
ಆಡು ತುಳಿದ ಜಾಡಿನ ಹಾಗೆ ಸೊಟ್ಟಂಬಟ್ಟ.
ಮುಗಿಸಿ ಬಾಗಿಲಾಚೆ ಹೋಗಿ ವಾಂತಿ ಮಾಡಿ ಬಂದು
ಚಹಾ ಕೇಳಿದರು.

ಈಗ ಪ್ರತಿ ಬುಧವಾರ ಎಳೆಯ ಡಾಕ್ಟರುಗಳಿಗೆ
ಕಲ್ಲಂಗಡಿ ಸಿಪ್ಪೆಯ ಮೇಲೆ ಹೊಲಿಗೆ ಕಲಿಸುತ್ತಾರೆ.
ತಿರುಳು ಹುಡುಗರಿಗೆ. ತಾವು ಮುಟ್ಟುವುದಿಲ್ಲ.
ರಾತ್ರಿ ಅಂಗಳದಲ್ಲಿ ಹನ್ನೊಂದು ಹೆಜ್ಜೆ ನಡೆದು ತಿರುಗುತ್ತಾರಂತೆ,
ಗೋಡೆ ಇನ್ನೂ ಅಷ್ಟು ದೂರವಿರುವಾಗಲೇ.
ಮಹ್ಲಖಾ ಹನ್ನೆರಡನೆಯ ಹೆಜ್ಜೆಗೆ
ಕಾಮಕಸ್ತೂರಿಯ ಕುಂಡವೊಂದನ್ನು ಇಟ್ಟು ನೋಡುತ್ತಿದ್ದಾಳೆ.

ನಿನ್ನೆ ಬಂದು, ಸೀಳು ತಪ್ಪಿದ ಕಡ್ಡಿ ಎರಡು ಕೊಡು ಎಂದರು.
ಗುಲ್ನೂಷ್ ಬೀದಿಯಲ್ಲಿ ಗೋಲು ಕಾಯಲು ಹೋಗಿ
ಬೆರಳು ಮುರಿದುಕೊಂಡಿದ್ದಾಳೆ, ದಬ್ಬೆ ಕಟ್ಟಬೇಕು.
‘ನೀನು ಬಿಗಿಯಾಗಿ ಕಟ್ಟಬೇಡ, ಬಾಬಾ, ಅಂದಳು.’
ಕಡ್ಡಿ ಆರಿಸುತ್ತ ಮತ್ತೊಮ್ಮೆ ಹೇಳಿದರು:
‘ನೀನು ಬಿಗಿಯಾಗಿ ಕಟ್ಟಬೇಡ, ಅಂದಳು.’
ದುಡ್ಡು ಕೊಡುವುದನ್ನೂ ಮರೆತು ಹೊರಟುಹೋದರು.