ತಣ್ಣಗಿದ್ದಾಗ ಮಾತ್ರ

ಟಿಕ್ ಅಂದರೆ ಬರೀ ಟಿಕ್ ಅಲ್ಲ.
ಬಾಯಲ್ಲಿ ಮಾಡಿ ತೋರಿಸಿದೆ, ಸರಿಯಾಗಿ ಬರಲಿಲ್ಲ.
ಬಾನೆಟ್ಟಿನ ಮೇಲೆ ಉಗುರಿನಿಂದ ಬಾರಿಸಿದೆ.
ಪೆನ್ಷನ್ ಮೊಹಲ್ಲಾದ ಜಬೀವುಲ್ಲಾ ಸಾಬರು
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು
ನನ್ನ ಬೆರಳನ್ನೇ ನೋಡಿದರು.

ತೊಂಬತ್ತೆಂಟರ ಎಸ್ಟೀಮು. ಒಳಗಿರುವುದು ಬಲೆನೋ ಇಂಜಿನ್ನು.
ಮೈ ಒಂದರದು, ಎದೆ ಇನ್ನೊಂದರದು.
ಕ್ಯಾಮ್ ಶಾಫ್ಟು ಕೊಯಮತ್ತೂರಿನದು,
ಹೆಡ್ಡರು ಶಿವಮೊಗ್ಗದಲ್ಲಿ ಬಗ್ಗಿಸಿ ತಂದದ್ದು,
ಸೈಲೆನ್ಸರಿನ ವಿಷಯ ನಮ್ಮ ಬೀದಿಯವರನ್ನು ಕೇಳಬೇಕು.

ಟ್ಯಾಪೆಟ್ ಅಂದ ಬಿ.ಎಂ. ರಸ್ತೆಯವನು, ಎರಡೂವರೆ ಸಾವಿರ.
ಆಯಿಲು ತೆಳುವಾಯ್ತು ಅಂದ ಇನ್ನೊಬ್ಬ, ದಪ್ಪದ್ದು ಸುರಿದ.
ಇಂಜೆಕ್ಟರ್ ಮಾತಾಡೋದೇ ಹಾಗೆ ಅಂದ ಮೂರನೆಯವನು
ಚಹಾ ಕುಡಿಸಿ ಕಳಿಸಿದ; ಅವನೇ ವಾಸಿ.
ಯಾರ ಮುಂದೆ ಹೋಗಿ ನಿಲ್ಲಿಸಿದರೂ ಗಾಡಿ
ಹೆಡ್ ಮಾಸ್ತರ ಕೋಣೆಗೆ ಹೋದ ಹುಡುಗನ ಹಾಗೆ ಗಪ್‌ಚುಪ್.

"ಎಲ್ಲಿಂದ ಬಂದ್ರಿ?"
"ಶಾಂತಿಗ್ರಾಮದಿಂದ."
"ಹಂಗಾದ್ರೆ ಕಾದು ಬಂದಿದೆ.
ಕಾದಿದ್ದಾಗ ಗುಟ್ಟು ಬಿಡಲ್ಲ ಇದು.
ಕೀ ಕೊಟ್ಟು ಹೋಗಿ. ನಾಳೆ ಆರಕ್ಕೆ ಬನ್ನಿ."

ಭಾನುವಾರ. ಹಾಲಿನ ವ್ಯಾನು ಮಂಜಿನಲ್ಲಿ
ಲೈಟು ಹಾಕಿಕೊಂಡೇ ನಿಂತಿತ್ತು.
ಹಾಸನಾಂಬೆ ಬಾಗಿಲಿನ ಹಾಗೆ ವರ್ಷಕ್ಕೊಮ್ಮೆ
ಬಾನೆಟ್ ತೆಗೆಯುವವನಲ್ಲ ನಾನು, ದಿನಾ ತೆಗೆಯುವವನು.
ಆದರೂ ಅವರು ತೆಗೆದಾಗ
ಆ ಚಳಿಯಲ್ಲಿ ಕೈ ಬೆವರಿತು.

ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ವಾಲ್ವ್ ಕವರಿಗಿಟ್ಟು
ಹಿಡಿಯನ್ನು ಕಿವಿಗಲ್ಲ, ದವಡೆಗೆ ಒತ್ತಿದರು.
ನಲವತ್ತು ವರ್ಷದ ಗ್ಯಾರೇಜು ಸಣ್ಣ ಸದ್ದನ್ನೆಲ್ಲ ತಿಂದಿದೆಯಂತೆ;
ಲಾರಿ ಕೇಳುತ್ತದೆ,
ಸೊಳ್ಳೆ, ಸೈಕಲ್ ಬೆಲ್ಲು, ಮನೆಯಾಕೆಯ ಬಳೆ ಕೇಳುವುದಿಲ್ಲ.
"ಮೇಲೆ ಏನಿಲ್ಲ" ಅಂದರು. "ರುಖಿಯಾ!"

ಎಂಟರ ಮಗ್ಗಿ ಬರೆಯುತ್ತಿದ್ದ ಮೊಮ್ಮಗಳು
ಟೈರಿನಿಂದ ಇಳಿದು ಬಂದಳು, ಬಾಯಲ್ಲಿ ಪೆನ್ಸಿಲು.
ರಬ್ಬರ್ ಪೈಪಿನ ಒಂದು ತುದಿ ಅವಳ ಕಿವಿಗೆ,
ಇನ್ನೊಂದು ಅಜ್ಜನ ಕೈಯಲ್ಲಿ,
ಹೆಡ್ಡರಿನ ನಾಲ್ಕು ಕತ್ತುಗಳ ಸುತ್ತ ಮೂಸುತ್ತಾ.
ಇಲ್ಲಿ? ಇಲ್ಲ. ಇಲ್ಲಿ? ಇಲ್ಲ. ಇಲ್ಲಿ?
ಹುಡುಗಿ ಹುಬ್ಬು ಗಂಟಿಕ್ಕಿದಳು.
"ಟಿಕ್ ಅಲ್ಲ ದಾದಾ. ಬೆಕ್ಕನ್ನ ಕರೀತಾರಲ್ಲ,
ಚ್ಚು ಚ್ಚು ಚ್ಚು, ಹಂಗೆ."

ಸಾಬರು ಮೂರನೇ ಪ್ಲಗ್ಗಿನ ತಂತಿ ಕಿತ್ತರು.
ಇಂಜಿನ್ನು ಕುಂಟಿತು; ಬೆಕ್ಕನ್ನು ಕರೆಯುವವರು ಸುಮ್ಮನಾದರು.
ಸಿಕ್ಕಿಸಿದರು, ಮತ್ತೆ ಕರೆದರು.
ಲೋಹಕ್ಕೆ ಲೋಹ ಬಡಿಯುವುದಲ್ಲ ಇದು,
ಸಂದಿಯಲ್ಲಿ ನುಗ್ಗಿ ಬರುವ ಉರಿಯುಸಿರು.
ಕಾದು ಹಿಗ್ಗಿದರೆ ಸಂದಿ ಮುಚ್ಚುತ್ತದೆ,
ತಣಿದರೆ ಬಾಯಿ ಬಿಡುತ್ತದೆ.

ಟಾರ್ಚ್ ಹಿಡಿದರು. ಗ್ಯಾಸ್ಕೆಟ್ಟಿನ ಅಂಚಿಗೆ
ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ.
ಪಕ್ಕದಲ್ಲಿ ಕೆಂಪು ಸಿಲಿಕಾನು, ಬೆರಳಿನಿಂದ ಒತ್ತಿದ್ದು.
ಅದನ್ನು ಕೆರೆದು ಎಬ್ಬಿಸಿದರೆ ಕೆಳಗೆ
ನಟ್ಟಿರಬೇಕಾದಲ್ಲಿ ತುಂಡಾದ ಸ್ಟಡ್ಡಿನ ಬುಡ.
"ಯಾರು ಬಿಗಿದಿದ್ದು ಇದನ್ನ?"

ಬಿಗಿದದ್ದು ನಾನು. ದೀಪಾವಳಿಯ ಹಿಂದಿನ ರಾತ್ರಿ,
ಸ್ಪಾನರಿಗೆ ಪೈಪು ಸಿಕ್ಕಿಸಿ,
ಇನ್ನೊಂದು ಕಾಲು ಸುತ್ತು, ಇನ್ನೊಂದೇ ಒಂದು, ಅಂತ.
ಕಟ್ ಅಂತು.
ಆ ಸದ್ದನ್ನು ಮಾತ್ರ ಇದುವರೆಗೂ
ಯಾರಿಗೂ ಬಾಯಲ್ಲಿ ಮಾಡಿ ತೋರಿಸಿಲ್ಲ.

"ಹಳೇ ಮೆಕ್ಯಾನಿಕ್ಕು" ಅಂದೆ.

ಸಾಬರು ಏನೂ ಅನ್ನಲಿಲ್ಲ.
ಸಿಲಿಕಾನಿನ ಸಿಪ್ಪೆಯನ್ನು ನನ್ನ ಅಂಗೈಗೆ ಹಾಕಿದರು.
ಅದರ ಮೇಲೊಂದು ಹೆಬ್ಬೆರಳಿನ ಗುರುತು,
ಗೆರೆ ಗೆರೆಯೂ ಎಣಿಸುವ ಹಾಗೆ.
ರುಖಿಯಾ ಬಗ್ಗಿ ನೋಡಿದಳು. ಮುಷ್ಟಿ ಮುಚ್ಚಿದೆ.

ಬುಡಕ್ಕೊಂದು ನಟ್ಟು ಬೆಸೆದು, ಎಣ್ಣೆ ಬಿಟ್ಟು, ಬೈದು,
ಎಳ್ಳಷ್ಟೆಳ್ಳಷ್ಟೇ ತಿರುಗಿಸಿ ಹೊರತೆಗೆದಾಗ ಹನ್ನೊಂದಾಗಿತ್ತು.
ಬಿಲ್ಲು ಬರೆದದ್ದು ಅವಳು:
ಸ್ಟಡ್ಡು ಒಂದು. ಗ್ಯಾಸ್ಕೆಟ್ಟು ಒಂದು. ವೆಲ್ಡಿಂಗು.
ಕೊನೆಗೆ, ಪೆನ್ಸಿಲು ಒತ್ತಿ,
ಕಿವಿ, ಇಪ್ಪತ್ತು ರೂಪಾಯಿ.

ಐವತ್ತರ ನೋಟು ಕೊಟ್ಟು ಇಟ್ಟುಕೋ ಅಂದೆ.
ಬೇಡವೆಂದು ಮೂವತ್ತು ಎಣಿಸಿ ಕೊಟ್ಟಳು,
ಎಣಿಸುವಷ್ಟು ಹೊತ್ತೂ
ನನ್ನ ಹೆಬ್ಬೆರಳನ್ನೇ ನೋಡುತ್ತಾ.